ತುಕ್ರಪ್ಪನ ಸುರಂಗದ ನೀರು

ಕುಂಟಾಲಪಲ್ಕೆ, ಅಳದಂಗಡಿ
20 ಏಪ್ರಿಲ್ 2024

ಶಶಿಪ್ರಭಾ ಮೇಡಂ ಅವರಿಗೆ ವಾರಿಜಾಕ್ಷಿಯ ನಮಸ್ಕಾರ.

ಈಗ ಬೆಳಗ್ಗೆ ಹತ್ತು ಗಂಟೆ. ಹಟ್ಟಿಯ ಕೆಲಸ ಮುಗಿಯಿತು. ಗಾಳಿಗೆ ಬಿದ್ದ ಸೋಗೆಗಳನ್ನು ಎಳೆದು ಒಟ್ಟು ಮಾಡಿದೆ. ಬಾಟಲಿಯಲ್ಲಿ ನೀರು ತುಂಬಿಸಿಟ್ಟು ಕಾಗದಕ್ಕೆ ಕೂತಿದ್ದೇನೆ.

ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ಎರಡು ವರ್ಷದ ಹಿಂದೆ ನೀರಿನ ಪರೀಕ್ಷೆಗೆಂದು ಕಾಲೇಜಿನ ಮಕ್ಕಳನ್ನು ಕರೆದುಕೊಂಡು ನಮ್ಮ ಗುಡ್ಡಕ್ಕೆ ಬಂದಿದ್ದಿರಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಮ್ಮ ಸುರಂಗದ ಕೊನೆಯ ತನಕ ಬಗ್ಗಿಕೊಂಡು ಹೋದ ಹೊರಗಿನ ಹೆಂಗಸು ನೀವೊಬ್ಬರೇ. ಹೊರಗೆ ಬಂದು ಬೊಗಸೆಯಲ್ಲಿ ನೀರು ಕುಡಿದು, ಇಷ್ಟು ಒಳ್ಳೆಯ ನೀರನ್ನು ನಾನು ಎಲ್ಲೂ ಕುಡಿದಿಲ್ಲ ಎಂದಿರಿ. ವ್ಯತ್ಯಾಸ ಕಂಡರೆ ಒಂದು ಬಾಟಲಿ ಬಸ್ಸಿನಲ್ಲಿ ಕಳುಹಿಸಿ ಎಂದು ವಿಳಾಸವನ್ನೂ ಕೊಟ್ಟಿದ್ದಿರಿ.

ಈಗ ವ್ಯತ್ಯಾಸ ಆಗಿದೆ. ಮಾರ್ಚ್ ತಿಂಗಳಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಘಟ್ಟದ ಬದಿಯ ಕಾಡಿನಲ್ಲಿ ಹತ್ತಿಕೊಂಡದ್ದು ಮುಳಿಹುಲ್ಲು ಹಿಡಿದು ಕೆಳಗೆ ಇಳಿಯಿತು. ಸುರಂಗದ ನೆತ್ತಿಯ ಮೇಲಿದ್ದ ಕಾಡು ಪೂರಾ ಹೋಯಿತು. ಮನೆಗಳು ಉಳಿದವು. ಹೇಗೆ ಉಳಿದವು ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ. ಮೊನ್ನೆ ಈ ವರ್ಷದ ಮೊದಲ ಮಳೆ ಬಂತು. ಮರುದಿನ ಸುರಂಗದ ಬಾಯಲ್ಲಿ ನೀರು ಹಾಲು ಹಾಕದ ಕಣ್ಣ ಚಹಾದ ಬಣ್ಣದಲ್ಲಿತ್ತು. ಮೂಗಿನ ಹತ್ತಿರ ತಂದರೆ ಹೊಗೆಯ ವಾಸನೆ.

ನಮ್ಮ ಮನೆಯವರ ಊರು ಬಂಟ್ವಾಳದ ಆಚೆ ಎಂದು ನಿಮಗೆ ಗೊತ್ತುಂಟು. ಅಲ್ಲಿ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ನಮ್ಮ ಕಡೆ ಅದನ್ನು ಯಾರೂ ನೋಡಿರಲಿಲ್ಲ. ಇವರು ಪಿಕ್ಕಾಸು ಹಿಡಿದು ಗುಡ್ಡದ ಒಳಗೆ ಹೋಗುವಾಗ ಪಕ್ಕದ ಮನೆಯ ಹುಕ್ರಪ್ಪ ಭಾವ ದಿನಾ ಬಂದು, “ಏನು ತುಕ್ರ, ಘಟ್ಟಕ್ಕೆ ಒಳದಾರಿ ಮಾಡ್ತೀಯಾ ಮಾರಾಯ?” ಎಂದು ಕೇಳುತ್ತಿದ್ದರು. ನಾಲ್ಕು ಬೇಸಗೆ ಕಳೆದ ಮೇಲೆ ನೀರು ಬಂತು. ಈಗ ಹುಕ್ರಪ್ಪ ಭಾವನ ಮನೆಯೂ ಸೇರಿ ಏಳು ಮನೆಗಳು ಇದೇ ನೀರು ಕುಡಿಯುತ್ತವೆ. ಮೋಟಾರು ಬೇಡ, ಕರೆಂಟು ಬೇಡ. ಗುಡ್ಡದ ಮೇಲೆ ಇವರು ತೋಡಿದ ಇಂಗುಗುಂಡಿಗಳಲ್ಲಿ ಮಳೆನೀರು ನಿಂತು ಇಂಗಿ, ಸುರಂಗದಲ್ಲಿ ವರ್ಷವಿಡೀ ಹರಿಯುತ್ತದೆ.

ಭಾವನ ಮೊಮ್ಮಗಳು ವಿಸ್ಮಿತಾಳಿಗೆ ಎರಡು ದಿನದಿಂದ ಹೊಟ್ಟೆ ಸರಿ ಇಲ್ಲ. ನೀರಿನಿಂದಲೋ, ಗೇರುಹಣ್ಣು ತಿಂದೋ ತಿಳಿಯದು. ನೀವು ನೋಡಿ ಹೇಳಬೇಕು.

ಬಾಟಲಿಯನ್ನು ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ರಮೀಝ್ ಕೈಯಲ್ಲಿ ಕೊಡುತ್ತೇನೆ. ನಮ್ಮಲ್ಲಿ ರೇಂಜ್ ಇಲ್ಲ. ಇದ್ದರೂ ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಕಾಗದದಲ್ಲಿ ಬರುತ್ತದೆ.

ವಾರಿಜಾಕ್ಷಿ

*

ಮೂಡುಬಿದಿರೆ
24 ಏಪ್ರಿಲ್ 2024

ವಾರಿಜಾಕ್ಷಿಯವರಿಗೆ ನಮಸ್ಕಾರ.

ನೆನಪು ಇಲ್ಲದೆ ಏನು? ಸುರಂಗದಿಂದ ಹೊರಗೆ ಬಂದಾಗ ನೀವು ಕೊಟ್ಟ ಹಲಸಿನ ಎಲೆಯ ಕಡುಬಿನ ರುಚಿಯೂ ನೆನಪಿದೆ.

ನೀರು ನೋಡಿ ಗಾಬರಿಯಾಯಿತು. ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂದು ಅಳೆಯುವುದಕ್ಕೆ ನಾವು ಪಿಎಚ್ ಎನ್ನುತ್ತೇವೆ. ಏಳು ಎಂದರೆ ನಡು. ಎರಡು ವರ್ಷದ ಹಿಂದೆ ನಿಮ್ಮ ನೀರು ಆರರ ಆಸುಪಾಸು ಇತ್ತು. ಕೆಂಪು ಮುರಕಲ್ಲಿನ ಗುಡ್ಡದ ನೀರು ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಈಗ ಒಂಬತ್ತನ್ನು ದಾಟಿದೆ. ಇದು ಹೆಚ್ಚುಕಡಿಮೆ ಸೋಪಿನ ನೀರು. ಕಾಡು ಸುಟ್ಟ ಮೇಲೆ ಬೂದಿ ಮಳೆಯೊಂದಿಗೆ ನೆಲಕ್ಕೆ ಇಳಿಯುತ್ತದೆ ಎಂದು ಓದಿದ್ದೆ. ಇಷ್ಟು ಜೋರಾಗಿ ಇಳಿದದ್ದನ್ನು ನೋಡಿರಲಿಲ್ಲ.

ಇವತ್ತಿನಿಂದಲೇ ಕುಡಿಯುವುದು ನಿಲ್ಲಿಸಿ. ಏಳು ಮನೆಗೂ ಹೇಳಿ. ತುಕ್ರಪ್ಪಣ್ಣ ಗುಡ್ಡ ಹತ್ತಿ ಗುಂಡಿಗಳನ್ನು ಒಮ್ಮೆ ನೋಡಿ ಬರಲಿ, ಏನು ಕಂಡಿತು ಎಂದು ನನಗೆ ಬರೆಯಲಿ. ಅವರ ಕೆಮ್ಮು ಹೇಗಿದೆ? ಬೀಡಿ ಬಿಟ್ಟರೇ ಅಥವಾ ಸುರಂಗದ ಒಳಗೆ ಹೋಗಿ ಕದ್ದು ಸೇದುತ್ತಾರೆಯೇ?

ಶಶಿಪ್ರಭಾ

*

ಕುಂಟಾಲಪಲ್ಕೆ
28 ಏಪ್ರಿಲ್ 2024

ಮೇಡಂ ಅವರಿಗೆ ನಮಸ್ಕಾರ.

ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ರಸ್ತೆ ಬದಿಯ ಪಂಚಾಯತಿ ನಳ್ಳಿಯಿಂದ ನಾಲ್ಕು ಸಲ ನೀರು ಹೊತ್ತೆ. ಸೊಂಟ ಹಿಡಿದುಕೊಂಡಿದೆ.

ನಿಮ್ಮ ಕಾಗದವನ್ನು ನಾನು ಮುಚ್ಚಿಡಲಿಲ್ಲ. ಏಳು ಮನೆಯವರನ್ನೂ ನಮ್ಮ ಜಗಲಿಗೆ ಕರೆದು ಓದಿ ಹೇಳಿದೆ. ಸೋಪಿನ ನೀರು ಎಂಬಲ್ಲಿಗೆ ಬಂದಾಗ ಹುಕ್ರಪ್ಪ ಭಾವ ಹೇಳಿದರು, “ವಾರಿಜಾ, ಅವನ ಕೆಲಸಕ್ಕೆ ನಾನು ಹೆಸರಿಡುವುದಿಲ್ಲ. ಆದರೆ ಮಗು ಕುಡಿಯುವ ನೀರು ಇದು. ಕೆಳಗೆ ನನ್ನ ಜಾಗದಲ್ಲಿ ಬೋರು ತೆಗೆಸುವ.”

ಬೋರು ಕೊರೆದರೆ ಗುಡ್ಡದ ಒಳಗಿನ ನೀರು ಕೆಳಗೆ ಇಳಿಯುತ್ತದೆ, ಸುರಂಗ ಒಣಗುತ್ತದೆ ಎಂದೆ. ಇವರ ಊರಿನಲ್ಲಿ ಹಾಗೆ ಒಣಗಿದ ಸುರಂಗಗಳನ್ನು ಮದುವೆಯಾದ ಹೊಸತರಲ್ಲಿ ಇವರೇ ನನಗೆ ತೋರಿಸಿದ್ದರು. ಬಾವಲಿ ಬಿಟ್ಟರೆ ಅದರೊಳಗೆ ಬೇರೇನೂ ಇರಲಿಲ್ಲ. ಅದಕ್ಕೆ ಭಾವನ ಸೊಸೆ ಕಾಂತಿ, “ಹಾಳಾದ ನೀರು ಹರಿದರೆ ಏನು, ಒಣಗಿದರೆ ಏನು ಅತ್ತೆ?” ಎಂದಳು. ವಿಸ್ಮಿತಾ ಅವಳ ಮಡಿಲಲ್ಲಿ ಬಾಡಿ ಮಲಗಿದ್ದಳು.

ಮೇ ಹದಿನೈದಕ್ಕೆ ಬೋರಿನ ಲಾರಿ ಬರುವುದೆಂದು ಆಗಿದೆ.

ಗುಂಡಿಯ ವಿಷಯ ನೀವು ಬರೆದದ್ದನ್ನು ಇವರಿಗೆ ಹೇಳಿದೆ. ಇವರು ಏನೂ ಹೇಳಲಿಲ್ಲ. ಕೆಮ್ಮು ಈಗ ಇಲ್ಲ. ಬೀಡಿಯೂ ಇಲ್ಲ.

ವಾರಿಜಾಕ್ಷಿ

*

ಮೂಡುಬಿದಿರೆ
2 ಮೇ 2024

ವಾರಿಜಾಕ್ಷಿಯವರಿಗೆ,

ಬೀಡಿ ಬಿಟ್ಟದ್ದು ಸಂತೋಷ. ಇಷ್ಟು ವರ್ಷ ನೀವು ಹೇಳಿ ಆಗದ್ದು ಹೇಗೆ ಆಯಿತೋ!

ಬೋರಿನ ಸುದ್ದಿ ಓದಿ ನಾನು ನನ್ನ ಲೆಕ್ಕವನ್ನು ಮತ್ತೆ ತೆಗೆದು ಕೂತೆ. ಒಂದಕ್ಕೊಂದು ಹೊಂದುವುದಿಲ್ಲ. ಗುಡ್ಡದ ಮಣ್ಣಿನಲ್ಲಿ ಇಳಿದು ಬರುವಾಗ ಬೂದಿಯ ಕ್ಷಾರ ಅರ್ಧಕ್ಕರ್ಧ ಮಣ್ಣಿನಲ್ಲೇ ಉಳಿಯಬೇಕು. ಇದರಲ್ಲಿ ಒಲೆಯಿಂದ ಈಗಷ್ಟೇ ತೆಗೆದ ಹಾಗೆ ಇದೆ. ನೀವು ಯಾವ ಬಾಟಲಿಯಲ್ಲಿ ಕಳುಹಿಸಿದಿರಿ? ಮೊದಲು ಅದರಲ್ಲಿ ಏನಿತ್ತು? ಹೇಗೆ ತೊಳೆದಿರಿ? ಬೇಸರ ಮಾಡದೆ ವಿವರವಾಗಿ ಬರೆಯಿರಿ.

ಗುಂಡಿಗಳ ಬಗ್ಗೆ ತುಕ್ರಪ್ಪಣ್ಣ ಏನೂ ಹೇಳಲಿಲ್ಲ ಎಂದರೆ ಹೇಗೆ? ಅವರಿಗೆ ಕೋಪ ಬಂದಿದೆಯೇ ನನ್ನ ಮೇಲೆ?

ಶಶಿಪ್ರಭಾ

*

ಕುಂಟಾಲಪಲ್ಕೆ
4 ಮೇ 2024

ಮೇಡಂ ಅವರಿಗೆ,

ಬೆಳಗ್ಗೆ ಎಂಟು ಗಂಟೆ. ಬಸ್ಸಿಗೆ ಮೊದಲು ಬರೆದು ಮುಗಿಸಬೇಕು.

ನಾನು ಏಳನೆಯ ಕ್ಲಾಸಿನ ತನಕ ಮಾತ್ರ ಹೋದವಳು. ಆದರೆ ನನ್ನ ಅಡುಗೆಮನೆಯ ಚೆಂಬಿನಲ್ಲಿ ಮುಖ ನೋಡಿಕೊಳ್ಳಬಹುದು, ಯಾರನ್ನು ಬೇಕಾದರೂ ಕೇಳಿ. ಕಾಲೇಜಿಗೆ ಹೋಗುವ ಬಾಟಲಿಯನ್ನು ಹಾಗೇ ಕಳುಹಿಸುವವಳಲ್ಲ ನಾನು. ಅದು ತಂಪು ಪಾನೀಯದ ಬಾಟಲಿ. ಬಾಯಿ ಸಣ್ಣದು, ಕೈ ಹೋಗುವುದಿಲ್ಲ. ಅದಕ್ಕೆ ಒಲೆಯ ಬೂದಿಯನ್ನು ಜರಡಿ ಹಿಡಿದು, ನಯವಾದದ್ದನ್ನು ಬಾಟಲಿಗೆ ಹಾಕಿ, ಬಿಸಿನೀರು ಹೊಯ್ದು ಚೆನ್ನಾಗಿ ಕುಲುಕಿ, ಒಂದು ಹೊತ್ತು ನೆನೆಯಲು ಬಿಟ್ಟೆ. ಆಮೇಲೆ ಚೆಲ್ಲಿ ಸುರಂಗದ ನೀರು ತುಂಬಿಸಿದೆ. ಅಷ್ಟು ಕಾಳಜಿ ಮಾಡಿದ್ದೇನೆ. ಇದಕ್ಕಿಂತ ಶುದ್ಧ ಹೇಗೆ ಮಾಡುವುದು ಎಂದು ನೀವೇ ಹೇಳಿಕೊಡಿ.

ಅವರಿಗೆ ನಿಮ್ಮ ಮೇಲೆ ಕೋಪ ಇಲ್ಲ.

ವಾರಿಜಾಕ್ಷಿ

*

ಮೂಡುಬಿದಿರೆ
6 ಮೇ 2024

ವಾರಿಜಾಕ್ಷಿ,

ನಿಮ್ಮ ಕಾಗದ ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ತಲೆಗೆ ಕೈ ಇಟ್ಟು ಕೂತೆ. ನಾನು ಅಳೆದದ್ದು ಗುಡ್ಡದ ಬೂದಿಯನ್ನಲ್ಲ, ನಿಮ್ಮ ಒಲೆಯ ಬೂದಿಯನ್ನು! ತಪ್ಪು ನನ್ನದು. ಬಾಟಲಿಯನ್ನು ಹೇಗೆ ತಯಾರು ಮಾಡಬೇಕೆಂದು ನಾನು ಹೇಳಲಿಲ್ಲ, ಹೇಗೆ ತಯಾರಾಗಿತ್ತು ಎಂದು ಕೇಳದೆ ಫಲಿತಾಂಶ ಬರೆದೆ. ನನ್ನ ಒಂದು ಹಾಳೆಯಿಂದ ಒಂದು ಲಾರಿ ಹೊರಟಿತು.

ರಮೀಝ್ ಹತ್ತಿರ ಎರಡು ಬಾಟಲಿ ಕಳುಹಿಸುತ್ತಿದ್ದೇನೆ. ಕೆಂಪು ಮುಚ್ಚಳದ್ದನ್ನು ಸುರಂಗದ ನೀರಿನಲ್ಲೇ ಮೂರು ಸಲ ತೊಳೆದು ತುಂಬಿಸಿ. ಬಿಳಿ ಮುಚ್ಚಳದ್ದು ರೋಗಾಣು ನೋಡಲಿಕ್ಕೆ, ಅದನ್ನು ತೊಳೆಯುವುದೇ ಬೇಡ. ಬೂದಿ ಬೇಡ, ಸೋಪು ಬೇಡ, ಬಿಸಿನೀರು ಬೇಡ. ತುಂಬಿಸಿದ ದಿನವೇ ನನ್ನ ಕೈ ಸೇರಬೇಕು.

ಹುಕ್ರಪ್ಪನವರಿಗೆ ಈ ಕಾಗದ ತೋರಿಸಿ. ಸುಳ್ಳು ಹೇಳಿದ್ದು ನೀರಲ್ಲ ಎಂದು ಹೇಳಿ.

ಶಶಿಪ್ರಭಾ

*

ಕುಂಟಾಲಪಲ್ಕೆ
8 ಮೇ 2024

ಮೇಡಂ,

ಬೆಳಗ್ಗೆ ಏಳು ಗಂಟೆ. ಮೊನ್ನೆ ಇನ್ನೊಂದು ಮಳೆ ಬಂದಿದೆ. ಎರಡೂ ಬಾಟಲಿ ತುಂಬಿಸಿದೆ. ಬಿಳಿ ಮುಚ್ಚಳದ್ದನ್ನು ತೊಳೆಯದೆ ತುಂಬಿಸುವಾಗ ಎಂಜಲು ಪಾತ್ರೆಯಲ್ಲಿ ಬಡಿಸಿದ ಹಾಗೆ ಆಯಿತು. ನೀವು ಹೇಳಿದ್ದೀರೆಂದು ಮಾಡಿದೆ.

ವಿಸ್ಮಿತಾ ಎದ್ದು ಓಡಾಡುತ್ತಿದ್ದಾಳೆ.

ವಾರಿಜಾಕ್ಷಿ

*

ಮೂಡುಬಿದಿರೆ
11 ಮೇ 2024

ವಾರಿಜಾಕ್ಷಿ,

ಈಗ ನಿಜವಾದ ಫಲಿತಾಂಶ. ಸೋಪಿನ ನೀರು ಅಲ್ಲ. ಆದರೆ ಹಿಂದಿನ ನೀರೂ ಅಲ್ಲ. ಕ್ಷಾರ ಸ್ವಲ್ಪ ಏರಿದೆ, ಅದರಿಂದ ತೊಂದರೆ ಇಲ್ಲ. ಬಣ್ಣ ಮತ್ತು ವಾಸನೆ ಸುಟ್ಟ ಎಲೆಯದು. ಸುಟ್ಟ ಮಣ್ಣಿನಿಂದ ನೈಟ್ರೇಟ್ ಎನ್ನುವ ಉಪ್ಪು ಇಳಿದಿದೆ, ಮ್ಯಾಂಗನೀಸ್ ಕೂಡ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಎರಡೂ ಸಣ್ಣ ಮಕ್ಕಳಿಗೆ ಒಳ್ಳೆಯದಲ್ಲ. ರೋಗಾಣುವೂ ಇದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಬೂದಿಯ ಉಪ್ಪು ಹೋಗುವುದಿಲ್ಲ. ಆದ್ದರಿಂದ ಈ ಮಳೆಗಾಲ ಮುಗಿಯುವ ತನಕ, ನಾನು ಹೇಳುವ ತನಕ, ಯಾರೂ ಕುಡಿಯಬಾರದು.

ಹೀಗಾಗಲು ಕಾರಣ ಆ ಇಂಗುಗುಂಡಿಗಳು. ಹಿಂದೆ ಗುಡ್ಡದ ಮೇಲೆ ತರಗೆಲೆಯ ಹಾಸು ಇತ್ತು. ಅದು ನೀರನ್ನು ಸೋಸಿ ಕೊಡುತ್ತಿತ್ತು. ಈಗ ಆ ಹಾಸೇ ಬೂದಿಯಾಗಿದೆ. ಮಳೆ ಬಂದಾಗ ಅದೆಲ್ಲ ಕೊಚ್ಚಿಕೊಂಡು ಗುಂಡಿಗೆ ಬಂದು, ಮುರಕಲ್ಲಿನ ತೂತುಗಳಲ್ಲಿ ನೇರವಾಗಿ ಸುರಂಗಕ್ಕೆ ಇಳಿಯುತ್ತದೆ. ಒಳ್ಳೆಯದಕ್ಕೆ ಮಾಡಿದ ದಾರಿಯಲ್ಲೇ ಈಗ ಬೂದಿ ಬರುತ್ತಿದೆ.

ದೊಡ್ಡ ಮಳೆಗೆ ಮೊದಲು ಎಲ್ಲ ಗುಂಡಿಗಳ ಬೂದಿಯನ್ನು ಕೆರೆದು ತೆಗೆಯಬೇಕು, ತಳದಲ್ಲಿ ಹಸಿ ಸೊಪ್ಪು ಮತ್ತು ತರಗೆಲೆ ದಪ್ಪಕ್ಕೆ ಹಾಸಬೇಕು. ಮುಖ್ಯವಾಗಿ ಎಲ್ಲಕ್ಕಿಂತ ಮೇಲಿನ ಗುಂಡಿ. ಅದು ಸುರಂಗದ ಕೊನೆಗೆ ಸರಿಯಾಗಿ ಮೇಲಿದೆ ಎಂದು ಅಂದು ತುಕ್ರಪ್ಪಣ್ಣ ತೋರಿಸಿದ್ದರು. ಅವರೇ ನಿಂತು ಮಾಡಿಸಲಿ. ಹೀಗೆ ಮಾಡಿದರೆ ಜುಲೈಯಲ್ಲಿ ನೀರು ಹಿಂದಿನ ಸ್ಥಿತಿಗೆ ಬರಬಹುದು. ಬಿಟ್ಟರೆ ಮಳೆಗಾಲ ಪೂರ್ತಿ ಬೂದಿ ಇಳಿಯುತ್ತದೆ. ಆಗ ಬೋರು ಬೇಡ ಎನ್ನಲು ನನ್ನ ಹತ್ತಿರ ಮಾತಿರುವುದಿಲ್ಲ.

ಶಶಿಪ್ರಭಾ

*

ಮೂಡುಬಿದಿರೆ
21 ಮೇ 2024

ವಾರಿಜಾಕ್ಷಿಗೆ,

ಹತ್ತು ದಿನ ಆಯಿತು. ನಿಮ್ಮ ಕಾಗದ ಇಲ್ಲ. ಲಾರಿ ಬಂತೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿಗೆ ಹೋಗಿ ರಮೀಝ್ ಹತ್ತಿರ ಕೇಳಿದೆ. ಬಂದಿಲ್ಲ ಎಂದ.

ಅವನ ಬಸ್ಸು ಹೊರಡುವ ತನಕ ಅಲ್ಲೇ ನಿಂತು ಮಾತಾಡಿದೆವು.

ಗುಂಡಿಗಳ ವಿಷಯ ನಾನು ಬರೆದ ರೀತಿ ಸರಿಯಾಗಲಿಲ್ಲ. ಕೆಲಸಕ್ಕೆ ಜನ ಬೇಕಾದರೆ ಕಾಲೇಜಿನ ಮಕ್ಕಳನ್ನು ಕಳುಹಿಸುತ್ತೇನೆ. ನೀವು ಊಟ ಮಾಡುತ್ತಿದ್ದೀರಲ್ಲ?

ಶಶಿ

*

ಕುಂಟಾಲಪಲ್ಕೆ
23 ಮೇ 2024

ಶಶಿ ಅಕ್ಕನಿಗೆ,

ಸಂಜೆ ಐದು ಗಂಟೆ. ಇವತ್ತು ಏನೂ ಮಾಡಲಿಲ್ಲ. ದನಕ್ಕೆ ಹುಲ್ಲು ಹಾಕಿದೆ, ಅಷ್ಟೇ.

ಈ ಸಲ ನೀವು ಇವರ ಬಗ್ಗೆ ಕೇಳಲಿಲ್ಲ. ರಮೀಝ್ ಹೇಳಿರಬೇಕು.

ಮಾರ್ಚ್ ಹನ್ನೆರಡನೆಯ ತಾರೀಕು ಬೆಂಕಿ ಇಳಿಯುವಾಗ ಇವರು ಗುಂಡಿಗಳ ಸಾಲಿನಲ್ಲಿ ಮುಳಿಹುಲ್ಲು ಕಡಿದು ಅಡ್ಡಕ್ಕೆ ಬರಿನೆಲದ ಪಟ್ಟಿ ಮಾಡಿದರು. ಹುಕ್ರಪ್ಪ ಭಾವನೂ ಜೊತೆಗಿದ್ದರು. ಹಸಿ ಸೊಪ್ಪಿನಿಂದ ಬಡಿದು ಬಡಿದು ಬೆಂಕಿ ಆ ಪಟ್ಟಿ ದಾಟದ ಹಾಗೆ ನೋಡಿಕೊಂಡರು. ಏಳು ಮನೆಗಳು ಉಳಿದದ್ದು ಹಾಗೆ. ಬೆಂಕಿ ಆರಿದ ಮೇಲೆ ಭಾವ ನೀರು ತರಲು ಕೆಳಗೆ ಬಂದರು. ತಿರುಗಿ ಹೋಗುವಾಗ ಇವರು ಮೇಲಿನ ಗುಂಡಿಯ ಒಳಗೆ ಕೂತಿದ್ದರು. ಹೊಗೆ ಎದೆಗೆ ಹೋಗಿತ್ತು. ಆಸ್ಪತ್ರೆಯ ದಾರಿಯಲ್ಲಿ, ಗುರುವಾಯನಕೆರೆ ಸಿಗುವ ಮೊದಲೇ ಮುಗಿಯಿತು.

ನಿಮ್ಮ ಹತ್ತಿರ ಯಾಕೆ ಹೇಳಲಿಲ್ಲ ಎಂದರೆ, ಊರಿನಲ್ಲಿ ಎಲ್ಲರೂ ಅವರ ಹೆಸರು ಬಂದಾಗ ಸ್ವರ ತಗ್ಗಿಸುತ್ತಾರೆ. ನೀವೊಬ್ಬರು ಅವರಿಗೆ ಕೆಲಸ ಹೇಳುತ್ತಿದ್ದಿರಿ, ಬೀಡಿಗೆ ಬೈಯುತ್ತಿದ್ದಿರಿ. ನಿಮ್ಮ ಕಾಗದ ಬಂದಾಗಲೆಲ್ಲ ಅವರ ಪಟದ ಎದುರು ನಿಂತು ಓದಿದ್ದೇನೆ. ಅವರಿಗೆ ಹೇಳಿದೆ ಎಂದು ಬರೆದದ್ದು ಸುಳ್ಳಲ್ಲ.

ಎರಡನೆಯ ಫಲಿತಾಂಶ ಓದಿ ಹೇಳಿದ ಮೇಲೆ ಭಾವ ಲಾರಿಯನ್ನು ಮುಂದೆ ಹಾಕಿದ್ದಾರೆ. “ಜುಲೈ ತನಕ ನೋಡುವ. ಆಗಲೂ ಸರಿಯಾಗದಿದ್ದರೆ ಬೋರು. ಆಗ ನೀನು ಅಡ್ಡ ಮಾತಾಡಬಾರದು,” ಎಂದರು. ನಾನು ಒಪ್ಪಿದೆ.

ಆದರೆ ಗುಂಡಿಯ ಬೂದಿ ಯಾರೂ ತೆಗೆದಿಲ್ಲ. ನನ್ನನ್ನು ಕೇಳದೆ ಅಲ್ಲಿಗೆ ಕಾಲಿಡಲು ಯಾರಿಗೂ ಮನಸ್ಸಿಲ್ಲ. ನಾನು ಆ ದಿನದಿಂದ ಮೇಲೆ ಹೋಗಿಲ್ಲ. ಆ ಬೂದಿಯ ಮೇಲೆ ಅವರು ಕೂತಿದ್ದರು. ಅದನ್ನು ಹಾರೆಯಿಂದ ಕೆರೆಯಬೇಕು. ಅದಕ್ಕೆ ಕೈ ಬರುತ್ತಿಲ್ಲ, ಅದಕ್ಕೇ ಕಾಗದವನ್ನೂ ಬರೆಯಲಿಲ್ಲ.

ವಾರಿಜಾ

*

ಮೂಡುಬಿದಿರೆ
25 ಮೇ 2024

ವಾರಿಜಾ,

ಬಸ್ ಸ್ಟ್ಯಾಂಡಿನಲ್ಲಿ ರಮೀಝ್ ಹೇಳಿದ ಮೇಲೆ ನನ್ನ ಹಳೆಯ ಕಾಗದಗಳಲ್ಲಿ ಏನೇನು ಬರೆದಿದ್ದೆ ಎಂದು ಒಂದೊಂದೇ ನೆನಪಾಗಿ ತಲೆ ಎತ್ತಲಾಗಲಿಲ್ಲ. ನೀನು ಅವನ್ನು ಹಾಗೆ ಓದಿದೆ ಎಂದು ಈಗ ತಿಳಿಯಿತು. ಸ್ವಲ್ಪ ಸಮಾಧಾನವಾಯಿತು.

ನೀನು ಮೇಲೆ ಹೋಗಲೇಬೇಕು ಎಂದಿಲ್ಲ. ಬೇರೆಯವರು ತೆಗೆಯಲಿ ಎಂದು ಒಂದು ಮಾತು ಹೇಳಿದರೆ ಸಾಕು. ಆದರೆ ಮಳೆ ನಿನಗಾಗಿ ಕಾಯುವುದಿಲ್ಲ. ಹವಾಮಾನದವರು ಜೂನ್ ಮೊದಲ ವಾರ ಎನ್ನುತ್ತಿದ್ದಾರೆ.

ಶಶಿ

*

ಕುಂಟಾಲಪಲ್ಕೆ
31 ಮೇ 2024

ಶಶಿ ಅಕ್ಕ,

ಸಂಜೆ ಆರು ಗಂಟೆ. ಮೂರು ದಿನದ ಕೆಲಸ ಇವತ್ತು ಮುಗಿಯಿತು. ಕೈಯಲ್ಲಿ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಭಾವನ ಮನೆಗೆ ಹೋಗಿ, ನಾಳೆ ಗುಂಡಿಯ ಬೂದಿ ತೆಗೆಯುವ ಎಂದೆ. ಅವರು ಕೂಡಲೇ ಹಾರೆಗೆ ಹಿಡಿ ಹಾಕಲು ಕೂತರು. ಬೆಳಗ್ಗೆ ನೋಡಿದರೆ ಏಳು ಮನೆಯಿಂದಲೂ ಬುಟ್ಟಿ ಹಿಡಿದು ಬಂದಿದ್ದಾರೆ. ರಜೆಯಲ್ಲಿದ್ದ ರಮೀಝ್ ಕೂಡ ಬಂದ. ಬಸ್ಸಿನಲ್ಲಿ ಜನರನ್ನು ಹಿಂದೆ ಹಿಂದೆ ತಳ್ಳಿದ ಹಾಗೆ ಇಲ್ಲಿಯೂ ಎಲ್ಲರನ್ನೂ ಸಾಲು ಮಾಡಿ ನಿಲ್ಲಿಸಿ, “ಮುಂದೆ ಹೋಗಿ, ಮುಂದೆ ಜಾಗ ಉಂಟು,” ಎಂದ. ಮಾರ್ಚ್ ಕಳೆದ ಮೇಲೆ ನಾನು ನಕ್ಕದ್ದು ಆಗಲೇ.

ಗುಡ್ಡ ಕಪ್ಪಾಗಿದೆ. ಆದರೆ ಸುಟ್ಟ ಬುಡಗಳಲ್ಲಿ ಬೆರಳುದ್ದ ಕೆಂಪು ಚಿಗುರು ಬಂದಿದೆ. ಇವರು ಕಡಿದ ಪಟ್ಟಿ ಇನ್ನೂ ಹಾಗೇ ಕಾಣುತ್ತದೆ. ಒಂದು ಬದಿ ಕಪ್ಪು, ಒಂದು ಬದಿ ಹಸಿರು. ನೂಲು ಹಿಡಿದು ಎಳೆದ ಹಾಗೆ. ನಾನು ಅದನ್ನು ನೋಡಿರಲಿಲ್ಲ. ಎಷ್ಟು ದೂರ ಕಡಿದಿದ್ದಾರೆ ಅಕ್ಕ! ಇಬ್ಬರೇ ಗಂಡಸರು, ಬೆಂಕಿ ಮೈಮೇಲೆ ಬರುವಾಗ. ಅಳು ಬರುತ್ತದೆ ಎಂದುಕೊಂಡು ಹೋಗಿದ್ದೆ. ನನ್ನ ಬೆನ್ನು ನೆಟ್ಟಗಾಯಿತು.

ಮೇಲಿನ ಗುಂಡಿಯ ಹತ್ತಿರ ಬಂದಾಗ ಕಾಂತಿ, “ಅತ್ತೆ, ನೀವು ಇಲ್ಲೇ ಬದಿಯಲ್ಲಿ ಕೂತುಕೊಳ್ಳಿ. ಇದೊಂದನ್ನು ನಾವು ಮಾಡ್ತೇವೆ,” ಎಂದಳು. ಬೇಡ, ಇದು ನನ್ನದು ಎಂದೆ. ಒಳಗೆ ಇಳಿದೆ. ಮಳೆಗೆ ಬೂದಿ ಕೆಸರಾಗಿ ತಳ ಹಿಡಿದಿತ್ತು. ಕೆರೆದು ಬುಟ್ಟಿಗೆ ತುಂಬಿಸಿ ಕೊಟ್ಟೆ. ಕಾಂತಿ ಮೇಲಿನಿಂದ ತೆಗೆದುಕೊಂಡಳು. ಬುಟ್ಟಿ ಕೊಡುವಾಗ ಪ್ರತಿ ಸಲ ಅವಳ ಕೈ ನನ್ನ ಕೈ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಬೂದಿಯನ್ನು ಬೇರೆ ಇಡಲಿಲ್ಲ. ಎಲ್ಲದರ ಜೊತೆಗೆ ತೆಂಗಿನ ಬುಡಕ್ಕೆ ಹಾಕಿದೆವು.

ಕೆಂಪುಕಲ್ಲು ಕಾಣುವ ತನಕ ಕೆರೆದೆ. ಇವರ ಪಿಕ್ಕಾಸಿನ ಗುರುತು ಹಾಗೇ ಇದೆ. ಅದರ ಮೇಲೆ ಸೊಪ್ಪು ಹಾಸಿದೆ. ಸುರಂಗದಿಂದ ಏಳು ಮನೆಗೆ ಹೋಗುವ ಪೈಪನ್ನು ಭಾವ ಬಿಡಿಸಿಟ್ಟಿದ್ದಾರೆ. ನೀವು ಹೇಳುವ ತನಕ ನೀರು ಹಳ್ಳಕ್ಕೆ ಹೋಗುತ್ತದೆ.

ವಾರಿಜಾ

*

ಮೂಡುಬಿದಿರೆ
19 ಜುಲೈ 2024

ವಾರಿಜಾ,

ನೀನು ಜೂನ್ ಕೊನೆಗೆ ಕಳುಹಿಸಿದ ನೀರಿನಲ್ಲಿ ಬಣ್ಣ ಉಳಿದಿತ್ತು. ಆಗ ನಾನು ಏನೂ ಬರೆಯಲಿಲ್ಲ, ನಿನಗೆ ಆಸೆ ಹುಟ್ಟಿಸಲೂ ಹೆದರಿಸಲೂ ಮನಸ್ಸಾಗಲಿಲ್ಲ. ಈ ವಾರದ ನೀರನ್ನು ಎರಡು ಸಲ ಪರೀಕ್ಷೆ ಮಾಡಿದೆ. ನನ್ನ ಕೈಯನ್ನು ನಂಬದೆ ಇನ್ನೊಬ್ಬರಿಂದಲೂ ಮಾಡಿಸಿದೆ.

ನೈಟ್ರೇಟ್ ಇಳಿದಿದೆ. ಮ್ಯಾಂಗನೀಸ್ ಮಿತಿಯ ಒಳಗಿದೆ. ಬಣ್ಣ, ವಾಸನೆ ಇಲ್ಲ. ರೋಗಾಣು ಸ್ವಲ್ಪ ಇದೆ, ಅದು ಮಳೆಗಾಲದಲ್ಲಿ ಎಲ್ಲರ ಬಾವಿಯಲ್ಲೂ ಇರುತ್ತದೆ. ಕುದಿಸಿ ಆರಿಸಿ ಕುಡಿಯಿರಿ. ಎರಡು ವರ್ಷದ ಹಿಂದಿನ ನೀರಿಗೆ ಇದು ಸಮ ಅಲ್ಲ, ಆದರೆ ಹತ್ತಿರ ಬಂದಿದೆ. ಮಗುವಿಗೂ ಕೊಡಬಹುದು. ಗುಡ್ಡದ ಮೇಲೆ ಎಲೆಯ ಹಾಸು ಮತ್ತೆ ಆಗುವ ತನಕ ಪ್ರತಿ ಬೇಸಗೆಯ ಮೊದಲ ಮಳೆಗೆ ಬಾಟಲಿ ಕಳುಹಿಸಬೇಕು.

ಹುಕ್ರಪ್ಪನವರಿಗೆ ತೋರಿಸಲು ಫಲಿತಾಂಶವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನೀರಿನ ಮೂಲ ಎಂಬಲ್ಲಿ ‘ತುಕ್ರಪ್ಪನ ಸುರಂಗ’ ಎಂದು ಬರೆದಿದ್ದೇನೆ. ನಿನ್ನನ್ನು ಕೇಳಿ ಬರೆಯಬೇಕಿತ್ತು. ಕೇಳಲಿಲ್ಲ.

ಶಶಿ

*

ಕುಂಟಾಲಪಲ್ಕೆ
22 ಜುಲೈ 2024

ಶಶಿ ಅಕ್ಕ,

ಮಧ್ಯಾಹ್ನ ಎರಡು ಗಂಟೆ. ಮಳೆ ಬಿಟ್ಟಿದೆ. ಬೆಳಗ್ಗೆ ಕೆಸುವಿನ ಎಲೆ ಕೊಯ್ದು ಪತ್ರೊಡೆಗೆ ಹಿಟ್ಟು ರುಬ್ಬಿಟ್ಟೆ, ಆಮೇಲೆ ಭಾವನ ಮನೆಗೆ ಹೋದೆ.

ಹಾಳೆಯನ್ನು ಅವರು ಕಣ್ಣಿನಿಂದ ದೂರ ಹಿಡಿದು ನಿಧಾನವಾಗಿ ಓದಿದರು. ನೀರಿನ ಮೂಲ ಎಂಬಲ್ಲಿ ನಿಂತರು. ಅಲ್ಲಿ ಬೆರಳಿಟ್ಟು ಕಾಂತಿಯನ್ನು ಕರೆದು ಓದಿಸಿದರು, ಪುನಃ ಓದಿಸಿದರು. ಆಮೇಲೆ ಒಳಗೆ ಹೋಗಿ ಬೋರಿನವರಿಗೆ ಬೇಡ ಎಂದು ಫೋನು ಮಾಡಲು ರಸ್ತೆಗೆ ಹೋಗಬೇಕು, ಕೊಡೆ ಎಲ್ಲಿ ಎಂದು ಕೇಳಿದರು. ಹೋಗುವಾಗ ನನ್ನನ್ನು ನೋಡದೆ, “ನಮ್ಮ ತುಕ್ರನ ಹೆಸರನ್ನು ಕಾಲೇಜಿನವರು ಬರೆದಿದ್ದಾರೆ,” ಎಂದರು, ನಾನು ಅದನ್ನು ಓದಿಯೇ ಇಲ್ಲ ಎಂಬ ಹಾಗೆ.

ನಾನು ಹಾಳೆಯನ್ನು ತಂದು ಪಟದ ಎದುರು ನಿಂತು ಓದಿದೆ. ಈ ಸಲ ಗಟ್ಟಿಯಾಗಿ ಓದಿದೆ.

ಪೈಪಿಗೆ ಹೊಸ ಜೋಡಣೆ ಬೇಕಿತ್ತು, ರಮೀಝ್ ಗುರುವಾಯನಕೆರೆಯಿಂದ ತಂದು ಕೊಟ್ಟಿದ್ದಾನೆ. ನಾಳೆ ಬೆಳಗ್ಗೆ ಏಳು ಗಂಟೆಗೆ ಭಾವ ಪೈಪು ಜೋಡಿಸುತ್ತಾರೆ.

ವಾರಿಜಾ